ಅಟ್ಟದಿಂದ ಇಳಿದ ಪೇಟಿ

ಹಾರ್ಮೋನಿಯಮ್ಮಿನ ವಿಷಯವಾಗಿ ಆಕಾಶವಾಣಿಯಲ್ಲಿ ಕುಳಿತು ಮಾತನಾಡುವುದೆಂದರೆ ಒಂದು ಬಗೆಯ ವಿನೋದವೇ ಸರಿ. 1940ರಿಂದ 1971ರವರೆಗೆ ಇದೇ ಆಕಾಶವಾಣಿ ಆ ವಾದ್ಯವನ್ನು ತನ್ನ ಹೊಸ್ತಿಲೊಳಗೆ ಬಿಟ್ಟುಕೊಂಡಿರಲಿಲ್ಲ. ಅದು ಬೇಡವೆಂದು ಕಲಕತ್ತೆಯ ಕೇಂದ್ರಕ್ಕೆ ಪತ್ರ ಬರೆದವರಲ್ಲಿ ರವೀಂದ್ರನಾಥ ಠಾಕೂರರೂ ಒಬ್ಬರು. ಅವರು ಇಪ್ಪತ್ತರ ಹರೆಯದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಕಾರವಾರದಲ್ಲಿ ಕೆಲಕಾಲ ಇದ್ದವರು. ಇಂದು ಅಲ್ಲಿಯ ಕಡಲತೀರಕ್ಕೆ ಅವರದೇ ಹೆಸರು. ಆದರೆ ಅದೇ ಕಾರವಾರ, ಅಂಕೋಲೆಗಳ ಎಷ್ಟೋ ಮನೆಗಳಲ್ಲಿ ‘ಪೇಟಿ’ ಯಾರ ಅಪ್ಪಣೆಗೂ ಕಾಯದೆ ನುಡಿಯುತ್ತಿತ್ತು. 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದ ಈ ಜಿಲ್ಲೆಯ ಮೇಲೆ ಮರಾಠಿ ನಾಟ್ಯಸಂಗೀತದ ಗಾಳಿ ಬೀಸಿತ್ತು. ಭಜನೆಗೆ ಪೇಟಿ, ನಾಟಕಕ್ಕೆ ಪೇಟಿ, ಹೆಣ್ಣು ನೋಡುವ ಶಾಸ್ತ್ರಕ್ಕೂ ಪೇಟಿ.

ಈ ಕೊನೆಯದರ ಬಗ್ಗೆ ಎರಡು ಮಾತು ಹೇಳಬೇಕು. ಹುಡುಗಿಗೆ ಹಾಡು ಬರುತ್ತದೆಯೇ ಎಂದು ಗಂಡಿನ ಕಡೆಯವರು ಕೇಳುತ್ತಿದ್ದರು. ಬರುತ್ತದೆ ಎಂದು ಉತ್ತರಿಸುವ ಸಲುವಾಗಿ ನಾಲ್ಕಾರು ವರ್ಷ ಅಲಂಕಾರಗಳನ್ನೂ ಭೂಪ, ದುರ್ಗಾ ರಾಗಗಳನ್ನೂ ಕಲಿಸುತ್ತಿದ್ದರು. ಮದುವೆಯಾದ ಮೇಲೆ ಆ ಪ್ರಶ್ನೆಯನ್ನು ಮತ್ತೆ ಯಾರೂ ಕೇಳುತ್ತಿರಲಿಲ್ಲ. ಕಲಿಸಿದ್ದು ಕಲೆಯನ್ನೋ ಅರ್ಹತೆಯನ್ನೋ ಎಂಬುದು ಪೇಟಿ ಅಟ್ಟ ಸೇರಿದಾಗ ತಿಳಿಯುತ್ತಿತ್ತು. ನನ್ನ ಪತ್ನಿ ತವರಿನಿಂದ ತಂದ ಪೇಟಿಯೂ ಅಂಕೋಲೆಯ ನಮ್ಮ ಮನೆಯ ಅಟ್ಟದಲ್ಲಿ, 1984ರಿಂದ, ಹಳೆಯ ಸೀರೆಯೊಂದನ್ನು ಹೊದ್ದು ಮಲಗಿತ್ತು. ನಮ್ಮ ಮಗಳಿಗೀಗ 39 ವರ್ಷ. ತಾಯಿಯ ಬೆರಳು ಆ ಕಪ್ಪು ಬಿಳಿ ಪಟ್ಟಿಗಳ ಮೇಲೆ ಓಡುವುದನ್ನು ಅವಳು ಒಮ್ಮೆಯೂ ಕಂಡವಳಲ್ಲ.

ಹೋದ ಬೇಸಿಗೆಯಲ್ಲಿ ಹೆಂಚು ಸರಿಮಾಡಿಸಲೆಂದು ಅಟ್ಟವನ್ನು ಬರಿದು ಮಾಡಿದಾಗ ಪೇಟಿ ಇಳಿಯಿತು. ಮತ್ತೆ ಏರಿಸುವುದು ಬೇಡ ಎಂದಳು ಆಕೆ. ಮಳೆಗಾಲದಲ್ಲಿ ಮರ ಉಬ್ಬಿ ಪಟ್ಟಿಗಳು ಒತ್ತಿದಲ್ಲೇ ಕಚ್ಚಿಕೊಳ್ಳುತ್ತವೆ. ಆದ್ದರಿಂದ ಚಳಿ ಬೀಳುವವರೆಗೆ ಕಾದು, ಅವರ್ಸೆ, ಅಮದಳ್ಳಿಗಳ ಹಾದಿಯಾಗಿ ಕಾರವಾರಕ್ಕೆ ಒಯ್ದೆವು. ತಿದಿಯ ಬಟ್ಟೆ ಹರಿದಿತ್ತು, ಹಿತ್ತಾಳೆಯ ನಾಲಗೆಗಳು ಉಪ್ಪುಗಾಳಿಗೆ ಹಸಿರುಗಟ್ಟಿದ್ದವು. ದುರಸ್ತಿಯವರು ಒಂದೊಂದನ್ನೇ ಬಿಚ್ಚಿ ಉಜ್ಜಿದರು. ನಾಲಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಲೋಹದಲ್ಲಿ ಅಡಗಿರುವ ಈ ವಿದ್ಯೆಯನ್ನು ನೋಡುತ್ತ ನಾನು ಅರ್ಧ ದಿನ ಅಲ್ಲಿಯೇ ಕುಳಿತಿದ್ದೆ.

ಇನ್ನು ಅಭ್ಯಾಸಕ್ಕೆ ಹೊತ್ತು ಬೇಕಲ್ಲ! ನಮ್ಮ ಮನೆಯ ಡಿಸೆಂಬರ್ ಹೀಗೆ: ಹಂಡೆಯ ಬುಡಕ್ಕೆ ತೆಂಗಿನ ಸಿಪ್ಪೆ ಒಡ್ಡುವುದರೊಂದಿಗೆ ಬೆಳಗಾಗುತ್ತದೆ. ಮಗಳು ಕಾರವಾರದ ಶಾಲೆಗೆ ಏಳೂವರೆಯ ಬಸ್ಸು ಹಿಡಿಯುತ್ತಾಳೆ. ಸಂಜೆ ಉತ್ತರಪತ್ರಿಕೆಗಳ ಕಟ್ಟಿನೊಂದಿಗೆ ಮರಳುತ್ತಾಳೆ. ಒಂಬತ್ತು ವರ್ಷದ ಮೊಮ್ಮಗಳು ನಮ್ಮ ಸುಪರ್ದಿನಲ್ಲಿ. ಅವಳ ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನ ಇದೇ ತಿಂಗಳು. ಇಂದು ಹಸಿರು ರಿಬ್ಬನ್ನು, ನಾಳೆ ರಟ್ಟಿನ ಕಿರೀಟ. ಇವುಗಳ ನಡುವೆ ಬಿಡುವು ತಾನಾಗಿ ಎಂದೂ ಬರಲಿಲ್ಲ. ಮೂರನೆಯ ದಿನ ಪತ್ನಿ ಸಾರಿದಳು: ಮಧ್ಯಾಹ್ನ ಮೂರರಿಂದ ನಾಲ್ಕು ತನ್ನದು, ಚಹಾ ಬೇಕಾದವರು ಮಾಡಿಕೊಳ್ಳತಕ್ಕದ್ದು. ನಮ್ಮ ಮನೆಯ ಇತಿಹಾಸದಲ್ಲಿ ಇಷ್ಟು ಸ್ಪಷ್ಟವಾದ ಶಾಸನ ಹಿಂದೆ ಹೊರಟದ್ದಿಲ್ಲ.

ಕೇಳುಗರೇ, ಮರೆತ ವಾದ್ಯವನ್ನು ಮತ್ತೆ ಕಲಿಯುವುದೆಂದರೆ ಬಿಟ್ಟಲ್ಲಿಂದ ಮುಂದುವರಿಯುವುದು ಎಂದು ನಾವು ತಿಳಿಯುತ್ತೇವೆ. ಸಂಗತಿ ಬೇರೆ. ತೆಂಗು ತುರಿದು, ಬಾವಿಯ ಹಗ್ಗ ಎಳೆದು ಗಡುಸಾದ ಆ ಬೆರಳುಗಳಿಗೆ ಭೂಪ ನೆನಪಿತ್ತು. ಕಣ್ಣುಮುಚ್ಚಿದರೂ ಆರೋಹಣ ಬರುತ್ತಿತ್ತು. ಬಾರದೆ ಹೋದದ್ದು ಕಂಠ. ಹದಿನೈದರ ಹುಡುಗಿಯಾಗಿ ಆಕೆ ಕಪ್ಪು ನಾಲ್ಕರ ಶ್ರುತಿಯಲ್ಲಿ ಹಾಡುತ್ತಿದ್ದಳಂತೆ. ಆ ಷಡ್ಜದಿಂದ ಭೂಪದ ಐದು ಸ್ವರಗಳಿಗೆ ಮೂರು ಕಪ್ಪು, ಎರಡು ಬಿಳಿ ಪಟ್ಟಿಗಳು. ಈಗ ತಾರಷಡ್ಜ ಮುಟ್ಟುವ ಮೊದಲೇ ಧ್ವನಿ ಒಡೆಯುತ್ತದೆ. ವಯಸ್ಸು ಕಂಠವನ್ನು ಕೆಳಗಿಳಿಸಿತ್ತು, ಬೆರಳು ಹಳೆಯ ಎತ್ತರದಲ್ಲೇ ನಿಂತಿತ್ತು. ಎರಡು ದಿನ ಪೇಟಿ ಮುಚ್ಚಿಯೇ ಇತ್ತು. ಮತ್ತೆ ಅಟ್ಟವೇ ಗತಿಯೋ ಎಂದು ನಾನು ಶಂಕಿಸಿದೆ, ಕೇಳುವ ಧೈರ್ಯವಾಗಲಿಲ್ಲ.

ಮೂರನೆಯ ಮಧ್ಯಾಹ್ನ ಆಕೆ ಷಡ್ಜವನ್ನು ಕಪ್ಪು ಮೂರಕ್ಕೆ ಇಳಿಸಿದಳು. ಅಲ್ಲಿಂದ ಭೂಪವನ್ನು ಹುಡುಕುತ್ತ ಹೋದರೆ ಐದು ಸ್ವರಗಳೂ ಕಪ್ಪು ಪಟ್ಟಿಗಳ ಮೇಲೆಯೇ ಬಿದ್ದವು. ಬಿಳಿಯದನ್ನು ಮುಟ್ಟುವ ಪ್ರಸಂಗವೇ ಇಲ್ಲ. ಬಲ್ಲವರಿಗೆ ಇದು ಹಳೆಯ ವಿಷಯ. ಕಪ್ಪಿನ ಸಾಲಿನ ಮೇಲೆ ತಾನಾಗಿ ಸಿಕ್ಕ ರಾಗವನ್ನು ಕೇಳಿ ಆಕೆ ನಕ್ಕ ನಗೆ ಮಾತ್ರ ನನಗೆ ಹೊಸದು.

ಮತ್ತೊಂದು ತೊಡಕೂ ಎದುರಾಯಿತು. ಪೇಟಿಯ ಸಪ್ತಕವನ್ನು 12 ಸಮಪಾಲಾಗಿ ಹಂಚಿರುತ್ತಾರೆ. ಹಾಗಾಗಿ ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಇದರ ಗಾಂಧಾರ ತುಸು ಏರು. ಭೂಪಕ್ಕೋ ಗಾಂಧಾರವೇ ವಾದಿಸ್ವರ. ಹುಡುಗಿಯಾಗಿದ್ದಾಗ ಕೇಳಿಸದ ಆ ಏರು ಈಗ ಆಕೆಗೆ ಕೇಳಿಸುತ್ತದೆ. ಅಲ್ಲಿ ಪಟ್ಟಿಯನ್ನು ಬಿಟ್ಟು ಕಂಠದಿಂದಲೇ ಗಾಂಧಾರವನ್ನು ಹಿಡಿಯುತ್ತಾಳೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಈ ವಾದ್ಯಕ್ಕೆ ಒಗ್ಗದೆಂಬುದೂ ನಿಜ. ವಿರೋಧಿಗಳ ಆಕ್ಷೇಪ ಸುಳ್ಳಲ್ಲ. ಆದರೆ ತಂಬೂರಿ ಮೀಟುವ ಇನ್ನೊಬ್ಬರನ್ನು ಕರೆಯದೆ, ಒಲೆಯ ಮೇಲಿನ ಅನ್ನದ ಕಡೆ ಒಂದು ಕಿವಿ ಇಟ್ಟು, ಒಬ್ಬಳೇ ಕುಳಿತು ಹಾಡಬೇಕಾದವಳಿಗೆ ಬೇರೆ ಯಾವ ವಾದ್ಯ ಒದಗೀತು? ಈ ಪ್ರಶ್ನೆ ಆ ದೊಡ್ಡವರ ಚರ್ಚೆಯಲ್ಲಿ ಬಂದಂತೆ ಕಾಣೆ.

ಶ್ರುತಿ ಬದಲಾಯಿಸುವ ಸೌಕರ್ಯವುಳ್ಳ ಹೊಸ ಪೇಟಿ ಕೊಡಿಸುತ್ತೇನೆಂದು ಅಳಿಯಂದಿರು ಹೇಳಿದ್ದಾರೆ. ಪತ್ನಿ ಒಪ್ಪಿಲ್ಲ. ಮೊನ್ನೆ ಮಗಳು ಬೇಗ ಬಂದವಳು ಉತ್ತರಪತ್ರಿಕೆಗಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕುಳಿತಳು. ನಾಲ್ಕು ಹೊಡೆದರೂ ಏಳಲಿಲ್ಲ, ಕೆಂಪು ಪೆನ್ನು ತೆರೆಯಲೂ ಇಲ್ಲ. ಮೊಮ್ಮಗಳಿಗೀಗ ಸ್ನೇಹ ಸಮ್ಮೇಳನದಲ್ಲಿ ಅಜ್ಜಿಯ ಪೇಟಿಯೊಂದಿಗೆ ಹಾಡಬೇಕಂತೆ. ಅವಳ ಎಳೆಯ ಕಂಠಕ್ಕೆ ಕಪ್ಪು ಮೂರು ತೀರ ತಗ್ಗು, ಕಪ್ಪು ಐದೇ ಆಗಬೇಕು. ಅಲ್ಲಿಂದ ಭೂಪಕ್ಕೆ ಒಂದೇ ಕಪ್ಪು, ನಾಲ್ಕು ಬಿಳಿ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಈಗ ಅದರ ಅಭ್ಯಾಸ ನಡೆದಿದೆ. ಚಹಾ ನಾನು ಮಾಡುತ್ತಿದ್ದೇನೆ.