ಕಮಾನಿಗೆ ಲಕ್ಷ ಲಕ್ಷ, ಕನ್ನಡ ಶಾಲೆಗೆ ಹತ್ತು ಸಾವಿರ!

(ಸರ್ಕಾರಿ ಶಾಲೆಗಳ ಎಸ್.ಡಿ.ಎಂ.ಸಿ. ಸದಸ್ಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು. ಓದುಗರಿಗಾಗಿ ಅವರೇ ಬರೆದುಕೊಟ್ಟಿದ್ದಾರೆ.)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕುಳಿತವನು. ಇನ್ನೊಬ್ಬರ ಭಾಷಣ, ಇನ್ನೊಬ್ಬರ ಲಗ್ನಪತ್ರಿಕೆ, ಇನ್ನೊಬ್ಬರ ಚುನಾವಣಾ ಕರಪತ್ರ ಅಚ್ಚು ಹಾಕಿಯೇ ಸಂಸಾರ ಸಾಗಿಸಿದ್ದೇನೆ. ನಮ್ಮಪ್ಪ 1982ರಲ್ಲಿ ಗೋಕಾಕ್ ಚಳವಳಿಯ ಕರಪತ್ರಗಳನ್ನು ಟ್ರೆಡಲ್ ಮೆಷಿನ್ನಿನಲ್ಲಿ ಕಾಲಿನಿಂದ ತುಳಿದು ಹೊಡೆದುಕೊಟ್ಟವರು. ದುಡ್ಡು ತೆಗೆದುಕೊಳ್ಳಲಿಲ್ಲ, ಕಾಗದದ ಖರ್ಚೂ ಅವರದ್ದೇ. ಡಾ. ರಾಜಕುಮಾರ್ ಬೀದಿಗಿಳಿದರೆ ಇಡೀ ನಾಡೇ ಇಳಿಯುತ್ತಿದ್ದ ಕಾಲ ಅದು. ನಾನಾಗ ತೊಟ್ಟಿಲು ಬಿಟ್ಟು ಅಂಬೆಗಾಲಿಡುತ್ತಿದ್ದೆನಂತೆ.

ಈಗ ನನ್ನ ಪ್ರೆಸ್ಸಿನ ವಿಚಾರಕ್ಕೆ ಬರುತ್ತೇನೆ. ನಿಮ್ಮೂರಿನಲ್ಲೂ ಇದೇ ಕಥೆ ಇದ್ದೀತು, ಹೊಂದಿಸಿ ನೋಡಿಕೊಳ್ಳಿ.

ಮಾರ್ಚ್ ಕಳೆದು ಏಪ್ರಿಲ್ ಬಂತೆಂದರೆ ನನಗೆ ಸುಗ್ಗಿ. 'ಪ್ರವೇಶ ಆರಂಭವಾಗಿದೆ' ಎಂಬ ಕರಪತ್ರಗಳ ಸುಗ್ಗಿ! ಎಲ್.ಕೆ.ಜಿ., ಯು.ಕೆ.ಜಿ., ಸ್ಮಾರ್ಟ್ ಕ್ಲಾಸು, ವ್ಯಾನಿನ ಸೌಲಭ್ಯ, ಟೈ ಕಟ್ಟಿ ನಗುತ್ತಿರುವ ಮಗುವಿನ ಬಣ್ಣದ ಫೋಟೋ. ಆ ಮಗು ನಮ್ಮೂರಿನದಲ್ಲ, ಈ ದೇಶದ್ದೋ ಇಲ್ಲವೋ ಗೊತ್ತಿಲ್ಲ, ಕಂಪ್ಯೂಟರಿನಲ್ಲಿ ಸಿಕ್ಕ ಫೋಟೋ. ನಮ್ಮ ಹೋಬಳಿಯೊಂದರಲ್ಲೇ ಇಂಥ ಐದು ಶಾಲೆಗಳಿವೆ. ಐದೂ ನನ್ನ ಗಿರಾಕಿಗಳೇ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಒಂದು ಸಲವಾದರೂ, ಒಂದೇ ಒಂದು ಸಲವಾದರೂ, 'ನಮ್ಮ ಸರ್ಕಾರಿ ಕನ್ನಡ ಶಾಲೆಗೆ ಮಕ್ಕಳನ್ನು ಸೇರಿಸಿ' ಎಂಬ ಕರಪತ್ರ ಹೊಡೆಸಲು ಯಾರೂ ನನ್ನ ಬಾಗಿಲಿಗೆ ಬಂದಿರಲಿಲ್ಲ. ಹೆಡ್‌ಮಾಸ್ತರರನ್ನು ಕೇಳಿದೆ. 'ಯಾವ ಹಣದಲ್ಲಿ ಹೊಡೆಸಲಿ ಯಜಮಾನ್ರೇ?' ಎಂದು ಅವರು ನನ್ನನ್ನೇ ಕೇಳಿದರು.

ನ್ಯಾಯವಾದ ಪ್ರಶ್ನೆ. ಅಲ್ಲಿಂದಲೇ ನಾನು ಲೆಕ್ಕ ನೋಡಲು ಶುರು ಮಾಡಿದ್ದು.

ನಾನು ಓದಿದ ಶಾಲೆ ಅದು. ಬಸ್ ನಿಲ್ದಾಣದ ಪಕ್ಕದ ಹೆಂಚಿನ ಕಟ್ಟಡ. ನಮ್ಮ ಕಾಲದಲ್ಲಿ ಪ್ರಾರ್ಥನೆಗೆ ನಿಂತರೆ ಸಾಲು ಗೇಟಿನವರೆಗೆ ಬರುತ್ತಿತ್ತು. ಈಗ ಒಟ್ಟು ಹದಿನೇಳು ಮಕ್ಕಳು. ಕೂಲಿಯವರ ಮಕ್ಕಳು, ಇಟ್ಟಿಗೆ ಗೂಡಿನವರ ಮಕ್ಕಳು, ಗಂಡ ತೀರಿಹೋದ ಒಬ್ಬ ತಾಯಿಯ ಎರಡು ಹೆಣ್ಣುಮಕ್ಕಳು. ಮೂವತ್ತು ಮಕ್ಕಳವರೆಗಿನ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಡಿ ವರ್ಷಕ್ಕೆ ಬರುವ ಶಾಲಾ ಅನುದಾನ ಎಷ್ಟು ಗೊತ್ತೇ? 10,000 ರೂಪಾಯಿ. ನೂರು ಮಕ್ಕಳವರೆಗೆ 25,000. ಅದರಲ್ಲೂ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಹೋಗಬೇಕು. ಉಳಿದದ್ದರಲ್ಲಿ ಚಾಕ್‌ಪೀಸು, ರಿಜಿಸ್ಟರು, ಒಡೆದ ಹೆಂಚು, ಕಿತ್ತ ನಲ್ಲಿ. 2023ರ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಪುಕ್ಕಟೆ ಎಂದು ಘೋಷಿಸಿದರು, ಒಳ್ಳೆಯದೇ ಆಯಿತು. ಅದಕ್ಕೂ ಮುಂಚೆ ಕರೆಂಟು ಬಿಲ್ಲನ್ನೂ ಇಂಥ ಪುಡಿಗಾಸಿನಲ್ಲೇ ಕಟ್ಟಬೇಕಿತ್ತು.

ಮೇಷ್ಟ್ರ ಸಂಬಳ, ಪಠ್ಯಪುಸ್ತಕ, ಬಿಸಿಯೂಟ, ಹಾಲು ಇವೆಲ್ಲ ಬೇರೆ ಲೆಕ್ಕ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನನ್ನದೂ ಸುಳ್ಳಾಗುತ್ತದೆ. ಆದರೆ ತಂದೆತಾಯಿ ಶಾಲೆಯ ಗೇಟಿನಲ್ಲಿ ನಿಂತು ನೋಡುವುದು ಸಂಬಳದ ಚೀಟಿಯನ್ನಲ್ಲ ಸ್ವಾಮಿ! ಸುಣ್ಣ ಕಾಣದ ಗೋಡೆ ನೋಡುತ್ತಾರೆ. ಬಾಗಿಲಿಲ್ಲದ ಶೌಚಾಲಯ ನೋಡುತ್ತಾರೆ. ಐದು ತರಗತಿಗೆ ಇಬ್ಬರು ಮೇಷ್ಟ್ರು, ಅದರಲ್ಲಿ ಒಬ್ಬರು ನಿಯೋಜನೆಯ ಮೇಲೆ ಇನ್ನೊಂದು ಶಾಲೆಗೆ ಹೋಗಿರುವುದನ್ನು ನೋಡುತ್ತಾರೆ. ನೋಡಿ, ಮಗುವನ್ನು ವ್ಯಾನಿಗೆ ಹತ್ತಿಸುತ್ತಾರೆ.

ಇನ್ನು ಕಮಾನಿನ ಕಥೆ. 2023ರಲ್ಲಿ ನಮ್ಮೂರ ಬಾಗಿಲಲ್ಲಿ ಒಂದು ಸ್ವಾಗತ ಕಮಾನು ಎದ್ದಿತು. ಉದ್ಘಾಟನೆಯ ಆಹ್ವಾನಪತ್ರಿಕೆ ಹೊಡೆದವನೂ ನಾನೇ, ಒಂದು ಸಾವಿರ ಪ್ರತಿ, ಆರ್ಟ್ ಪೇಪರು, ಬಹುವರ್ಣ, ಮೂವತ್ತೆರಡು ಜನರ ಹೆಸರು. ಹೆಸರಿನ ಕ್ರಮ ತಪ್ಪಿತೆಂದು ಎರಡು ಸಲ ಪ್ರೂಫ್ ತಿದ್ದಿಸಿದರು! ಅದಕ್ಕಾದ ಖರ್ಚೆಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿದೆ. ಮೂವತ್ತು ದಿನದಲ್ಲಿ ಬರಬೇಕಾದ ಉತ್ತರ ಎರಡೂವರೆ ತಿಂಗಳಿಗೆ ಬಂತು. 4 ಲಕ್ಷ 80 ಸಾವಿರ ರೂಪಾಯಿ. ಅಂದರೆ ನಮ್ಮ ಶಾಲೆಗೆ ನಲವತ್ತೆಂಟು ವರ್ಷ ಬರುವ ಅನುದಾನ. ನನಗೆ ಈಗ ನಲವತ್ತಾರು. ನಾನು ಹುಟ್ಟಿದ್ದಕ್ಕೂ ಎರಡು ವರ್ಷ ಹಿಂದಿನಿಂದ ಕೂಡಿಟ್ಟಿದ್ದರೆ ಒಂದು ಕಮಾನು!

ಕಮಾನಿನ ಮೇಲೆ ಕನ್ನಡವಿದೆ, ಒಪ್ಪಿದೆ. ಚಿನ್ನದ ಬಣ್ಣದ ಅಕ್ಷರ. ಅದರ ಕೆಳಗೇ ದಿನಾ ಬೆಳಿಗ್ಗೆ ಐದು ಹಳದಿ ವ್ಯಾನುಗಳು ಹಾದುಹೋಗುತ್ತವೆ.

'ಶಾಲೆಗೆ ಹಣ ಕೊಡಲು ಪಂಚಾಯಿತಿಗೆ ಅವಕಾಶವಿಲ್ಲ, ಅದು ಇಲಾಖೆಯ ವಿಷಯ' ಎಂದು ನಮಗೆ ಹೇಳಿದರು. ಇದು ಎಲ್ಲ ಊರಿನಲ್ಲೂ ಹೇಳುವ ಮಾತು, ನಂಬಬೇಡಿ. 15ನೇ ಹಣಕಾಸು ಆಯೋಗದ ಹಣ 2021-22ರಿಂದ 2025-26ರವರೆಗೆ ಬಂದದ್ದು ಹೇಗೆ? ನೂರರಲ್ಲಿ ಅರವತ್ತು ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಎಂದು ಕಟ್ಟಿಟ್ಟ ಹಣ. ನಲವತ್ತು ಭಾಗ ಊರಿನ ಅಗತ್ಯಕ್ಕೆ. ಶಾಲೆಯ ಶೌಚಾಲಯ ನೈರ್ಮಲ್ಯವಲ್ಲದೆ ಮತ್ತೇನು? ಉದ್ಯೋಗ ಖಾತ್ರಿಯಲ್ಲಿ ಈ ರಾಜ್ಯದ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಆಟದ ಮೈದಾನ, ಶೌಚಾಲಯ ಆಗಿವೆ. ಕೇಳಿದ ಊರಿಗೆ ಆಗಿದೆ, ಕೇಳದ ಊರಿಗೆ ಆಗಿಲ್ಲ. ನಮ್ಮೂರಿನಲ್ಲಿ ಕೇಳಿದವರೇ ಇರಲಿಲ್ಲ. ಏಕೆಂದರೆ ಕೇಳಬಲ್ಲವರ ಮಕ್ಕಳು ವ್ಯಾನಿನಲ್ಲಿದ್ದರು.

ಮಕ್ಕಳು ಹೇಗೆ ಹೋದರು? ಒಂದೇ ದಿನದಲ್ಲಿ ಹೋದದ್ದಲ್ಲ. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ಆದೇಶ ಮಾಡಿತು. ಕಾಗದದಲ್ಲಿ 'ಕನ್ನಡ ಮಾಧ್ಯಮ' ಎಂದು ಅನುಮತಿ ಪಡೆದು, ಒಳಗೆ ಇಂಗ್ಲಿಷ್ ಮಾಧ್ಯಮ ನಡೆಸಿದ ಶಾಲೆಗಳು ರಾಜ್ಯದ ತುಂಬ ಇದ್ದವು. ನೋಡಬೇಕಾದವರು ನೋಡಲಿಲ್ಲ. 2008ರಲ್ಲಿ ಹೈಕೋರ್ಟು ಆ ನೀತಿಯನ್ನು ಖಾಸಗಿ ಶಾಲೆಗಳ ಮಟ್ಟಿಗೆ ಬಿಡಿಸಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿದು, ಮಾಧ್ಯಮದ ಆಯ್ಕೆ ತಂದೆತಾಯಿಯದು, ಸರ್ಕಾರ ಹೇರುವಂತಿಲ್ಲ ಎಂದಿತು. ಅಲ್ಲಿಗೆ ಇಪ್ಪತ್ತು ವರ್ಷದ ಹೋರಾಟ ಮುಗಿಯಿತು.

ಇದರ ನಡುವೆ ಬಂತು ಆರ್.ಟಿ.ಇ. 2012ರಿಂದ ಖಾಸಗಿ ಶಾಲೆಯ ನೂರಕ್ಕೆ ಇಪ್ಪತ್ತೈದು ಸೀಟು ಬಡವರಿಗೆ, ಶುಲ್ಕ ಸರ್ಕಾರದ್ದು. ಬಡವರ ಮಗು ದೊಡ್ಡ ಶಾಲೆಗೆ ಹೋದರೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆದದ್ದೇನು? ಸರ್ಕಾರಿ ಶಾಲೆಯಲ್ಲಿದ್ದ ಸ್ವಲ್ಪ ತಿಳಿವಳಿಕೆಯುಳ್ಳ ತಂದೆತಾಯಿ, ಅರ್ಜಿ ತುಂಬಬಲ್ಲವರು, ಆದಾಯ ಪ್ರಮಾಣಪತ್ರ ಮಾಡಿಸಬಲ್ಲವರು, ಅವರೇ ಮೊದಲು ಹೊರಟುಹೋದರು. ಸರ್ಕಾರವೇ ದುಡ್ಡು ಕೊಟ್ಟು ತನ್ನ ಶಾಲೆಯ ಮಕ್ಕಳನ್ನು ಕಳಿಸಿಕೊಟ್ಟಿತು. 2019ರಲ್ಲಿ ನಿಯಮ ತಿದ್ದಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ ಎಂದರು. ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು. ಹೋದ ಅಣ್ಣನ ಹಿಂದೆ ತಮ್ಮ, ತಂಗಿ ಶುಲ್ಕ ಕಟ್ಟಿಯೇ ಹೋದರು.

ಮಕ್ಕಳು ಕಡಿಮೆಯಾದರೆ ಮೇಷ್ಟ್ರು 'ಹೆಚ್ಚುವರಿ' ಆಗುತ್ತಾರೆ. ಹೆಚ್ಚುವರಿಯಾದವರನ್ನು ವರ್ಗ ಮಾಡುತ್ತಾರೆ. ಮೇಷ್ಟ್ರಿಲ್ಲವೆಂದು ಇನ್ನಷ್ಟು ಮಕ್ಕಳು ಬಿಡುತ್ತಾರೆ. ಆಮೇಲೆ ಬರುತ್ತದೆ ಆ ಪದ: 'ವಿಲೀನ'.

ಪದಗಳ ಜೊತೆ ಬದುಕುವವನು ನಾನು, ಈ ಪದ ನೋಡಿದರೆ ಮೈಯುರಿಯುತ್ತದೆ. ಮುಚ್ಚುತ್ತೇವೆ ಎನ್ನುವುದಿಲ್ಲ. 2018ರ ಜುಲೈ ಬಜೆಟ್ಟಿನಲ್ಲಿ ಕುಮಾರಸ್ವಾಮಿಯವರು 28,847 ಶಾಲೆಗಳನ್ನು 8,530 ಶಾಲೆಗಳೊಳಗೆ ವಿಲೀನ ಮಾಡುತ್ತೇವೆಂದರು, ಜೊತೆಗೆ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ. 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಕಂಬಾರರು ಇಂಗ್ಲಿಷ್ ಮಾಧ್ಯಮದ ಆ ತೀರ್ಮಾನವನ್ನು ವಿರೋಧಿಸಿದರು. ಆದರೂ 2019-20ರಲ್ಲೇ ಇಂಗ್ಲಿಷ್ ಮಾಧ್ಯಮ ತರಗತಿಗಳು ಶುರುವಾದವು. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ದಾರಿ ಬದಲಾಗಲಿಲ್ಲ. 2024-25ರ ಬಜೆಟ್ಟಿನಲ್ಲಿ ಇನ್ನೂ 2,000 ಶಾಲೆಗಳನ್ನು ದ್ವಿಭಾಷಾ ಶಾಲೆ ಮಾಡುತ್ತೇವೆಂದರು. ಸರ್ಕಾರಿ ಶಾಲೆ ಉಳಿಸುವುದು ಹೇಗೆಂದು 2017ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ಎಸ್.ಜಿ. ಸಿದ್ಧರಾಮಯ್ಯನವರು ಒಂದು ವರದಿಯನ್ನೇ ಸರ್ಕಾರದ ಕೈಗೆ ಕೊಟ್ಟಿದ್ದರು. ಅದನ್ನು ಓದಿದ ಮಂತ್ರಿ ಯಾರು ಎಂದು ಯಾರಾದರೂ ಹೇಳಿದರೆ ಅವರ ಮನೆಯ ಲಗ್ನಪತ್ರಿಕೆ ನನ್ನ ಖರ್ಚಿನಲ್ಲಿ!

ನಮ್ಮೂರ ಶಾಲೆಯ ಜಾಗ ಇಪ್ಪತ್ತೆರಡು ಗುಂಟೆ. ಬಸ್ ನಿಲ್ದಾಣಕ್ಕೆ ಅಂಟಿಕೊಂಡೇ ಇದೆ. ದಾನ ಕೊಟ್ಟವರು ಬಾಯಿಮಾತಿನಲ್ಲಿ ಕೊಟ್ಟರು, ಖಾತೆ ಆಗಿಲ್ಲ. 'ಹದಿನೇಳು ಮಕ್ಕಳಿಗೆ ಇಷ್ಟು ಜಾಗ ಏಕೆ, ಒಂದು ಕಿಲೋಮೀಟರಿನಲ್ಲಿ ಇನ್ನೊಂದು ಶಾಲೆ ಇದೆ, ಇಲ್ಲಿ ವಾಣಿಜ್ಯ ಮಳಿಗೆ ಕಟ್ಟಿದರೆ ಪಂಚಾಯಿತಿಗೆ ಬಾಡಿಗೆ ಬರುತ್ತದೆ' ಎಂಬ ಮಾತು ಟೀ ಅಂಗಡಿಯಲ್ಲಿ ಹುಟ್ಟಿ ಈಗ ದೊಡ್ಡವರ ಬಾಯಿಗೆ ಬಂದಿದೆ. ಹನ್ನೆರಡು ಮಳಿಗೆಯಂತೆ, ಯಾವ ಮಳಿಗೆ ಯಾರಿಗೆ ಎಂಬುದೂ ಮಾತಾಗಿದೆಯಂತೆ. ಇನ್ನೊಂದು ಶಾಲೆಗೆ ಹೋಗಲು ಹೆದ್ದಾರಿ ದಾಟಬೇಕು. ಆರು ವರ್ಷದ ಮಗು ಹೆದ್ದಾರಿ ದಾಟಬೇಕು, ಏಕೆಂದರೆ ಯಾರಿಗೋ ಮೊಬೈಲ್ ಅಂಗಡಿ ಇಡಲು ಜಾಗ ಬೇಕು.

ಸಭೆಯಲ್ಲಿ ಇಷ್ಟು ಹೇಳುವಾಗ ಹಿಂದಿನಿಂದ ಒಬ್ಬರು ಎದ್ದು ಕೇಳಿದರು, 'ಅಣ್ಣಾ, ನಿಮ್ಮ ಮಗ ಎಲ್ಲಿ ಓದಿದ್ದು?'

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮಗಳು ಇದೇ ಶಾಲೆಯಲ್ಲಿ ಓದಿದಳು. ಮಗನನ್ನು ವ್ಯಾನಿಗೆ ಹತ್ತಿಸಿದೆ. ಅವನು ಹೊರಟ ವರ್ಷ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು. ಮನೆಯಲ್ಲಿ ಜಗಳವಾಯಿತು, ನಾನು ಸೋತೆ. ನಿಜ ಹೇಳಬೇಕೆಂದರೆ ಸೋಲುವುದು ನನಗೂ ಬೇಕಿತ್ತು. ನವೆಂಬರಿನಲ್ಲಿ ಕೆಂಪು ಹಳದಿ ಶಾಲು ಹೊದ್ದು ವೇದಿಕೆ ಏರುತ್ತಿದ್ದೆ, ಜೂನಿನಲ್ಲಿ ಶುಲ್ಕದ ಕಂತು ಕಟ್ಟುತ್ತಿದ್ದೆ. ಈಗ ಅವನು ಮನೆಗೆ ಬಂದ ಪ್ರೂಫ್ ಓದಲಾರ. ಒತ್ತಕ್ಷರ ಬಂದರೆ ತಡವರಿಸುತ್ತಾನೆ. ಮೊಳೆ ಜೋಡಿಸಿ ಬದುಕಿದವರ ಮೊಮ್ಮಗ! ಮುಂದೆ ಪ್ರೆಸ್ಸು ಯಾರು ನಡೆಸುತ್ತಾರೆ ಎಂದು ಗಿರಾಕಿಗಳು ಕೇಳಿದಾಗ ನಾನು ಬೇರೆ ಮಾತೆತ್ತುತ್ತೇನೆ.

ಆದ್ದರಿಂದ ತಂದೆತಾಯಿಗಳನ್ನು ನಾಡದ್ರೋಹಿಗಳೆಂದು ಬೈಯುವ ಹಕ್ಕು ನನಗಿಲ್ಲ. ನಮ್ಮ ಸಂಘಟನೆಗಳ ಗೆಳೆಯರಿಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಾಮಫಲಕಕ್ಕಾಗಿ 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಮ್ಮವರು ಏಟು ತಿಂದರು, ಜೈಲು ಸೇರಿದರು. ಅದರಿಂದಾಗಿಯೇ 2024ರಲ್ಲಿ ಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಎಂಬ ಕಾನೂನು ಗಟ್ಟಿಯಾಯಿತು. ಆ ಕೆಚ್ಚಿಗೆ ಶರಣು. ಆದರೆ ನಮ್ಮ ತಾಲೂಕಿನಲ್ಲಿ ಬೋರ್ಡಿಗೆ ಮಸಿ ಬಳಿಯಲು ಬಂದ ಐವತ್ತು ಜನರಲ್ಲಿ ಒಬ್ಬರೂ ಗ್ರಾಮಸಭೆಗೆ ಬರಲಿಲ್ಲ. ನಾನು ಇದ್ದೆ, ಎಣಿಸಿದೆ. ಅಲ್ಲಿ ಕ್ರಿಯಾಯೋಜನೆಗೆ ಹದಿನೈದು ನಿಮಿಷದಲ್ಲಿ ಒಪ್ಪಿಗೆಯಾಗಿ ಹೋಯಿತು.

ಇಂಗ್ಲಿಷ್ ಬೇಡವೆಂದು ನಾನು ಹೇಳುವವನಲ್ಲ. 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಿದ್ದಾರೆ. ಅದನ್ನು ಕಲಿಸಲು ಬಲ್ಲ ಮೇಷ್ಟ್ರನ್ನು ಕೊಡಿ, ಗಣಿತ ವಿಜ್ಞಾನ ಕನ್ನಡದಲ್ಲಿ ಕಲಿಸಿ, ಮಗು ಎರಡನ್ನೂ ಕಲಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ನೂರಕ್ಕೆ ಐದರ ಮೀಸಲಾತಿ ಇದೆ. ಈ ಸಂಗತಿ ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಸಭೆಯಲ್ಲಿ ಕೈ ಎತ್ತಿಸಿದೆ. ನಾಲ್ಕು ಕೈ.

ಇನ್ನು ನಾವು ಮಾಡಿದ್ದು. ಆರ್.ಟಿ.ಇ. ಕಾಯಿದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆತಾಯಿ ಇರಬೇಕು, ಅರ್ಧದಷ್ಟು ಹೆಂಗಸರು. ನಮ್ಮಲ್ಲಿ ಸಮಿತಿ ಇತ್ತು, ಸಹಿ ಮಾತ್ರ ಇತ್ತು. ಆ ಎರಡು ಹೆಣ್ಣುಮಕ್ಕಳ ತಾಯಿಯನ್ನು ಈಗ ಅಧ್ಯಕ್ಷೆ ಮಾಡಿದ್ದೇವೆ. ಆಕೆ ನನಗಿಂತ ಜೋರು. ಜಾಗದ ಖಾತೆಗೆ ಅರ್ಜಿ ಹಾಕಿದ್ದೇವೆ, ಹಿಂಬರಹ ಬಂದಿಲ್ಲ. ಮಳಿಗೆಯ ಪ್ರಸ್ತಾಪಕ್ಕೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಶೌಚಾಲಯಕ್ಕೆ ಬಾಗಿಲು ಬಂದಿದೆ. ಅದಕ್ಕೆ ನಾಲ್ಕು ಗ್ರಾಮಸಭೆ ಬೇಕಾಯಿತು.

ಮಕ್ಕಳು ಹದಿನೇಳರಿಂದ ಇಪ್ಪತ್ತಮೂರಾಗಿದ್ದಾರೆ. ಕರಪತ್ರವನ್ನೂ ಹೊಡೆದೆ, ಎರಡು ಬಣ್ಣ, ಎರಡು ಸಾವಿರ ಪ್ರತಿ. ಫೋಟೋದಲ್ಲಿರುವುದು ನಮ್ಮೂರ ಮಕ್ಕಳೇ. ಅದನ್ನು ನೋಡಿ ಒಂದು ಖಾಸಗಿ ಶಾಲೆಯವರು ತಮ್ಮ ಕೆಲಸವನ್ನು ಬೇರೆ ಪ್ರೆಸ್ಸಿಗೆ ಒಯ್ದರು. ಒಯ್ಯಲಿ.

ಪಂಚಾಯಿತಿ ಚುನಾವಣೆ ಬಂದಾಗ ಅಭ್ಯರ್ಥಿಗಳೆಲ್ಲ ನನ್ನ ಬಾಗಿಲಿಗೆ ಬರಲೇಬೇಕು. ಹೆಸರು, ಚಿಹ್ನೆ, ಫೋಟೋ ಕೊಡುವಾಗ ಒಬ್ಬೊಬ್ಬರನ್ನೂ ಕೇಳುವವನಿದ್ದೇನೆ, ಶಾಲೆಯ ಇಪ್ಪತ್ತೆರಡು ಗುಂಟೆಯ ಬಗ್ಗೆ ಕರಪತ್ರದಲ್ಲಿ ಏನು ಹಾಕಲಿ ಎಂದು. ನಿಮ್ಮ ಊರಿನಲ್ಲೂ ಇಂಥದ್ದೇ ಶಾಲೆಯಿದ್ದರೆ ಕರಪತ್ರದ ಮಾದರಿ, ಮಾಹಿತಿ ಹಕ್ಕಿನ ಅರ್ಜಿ, ಆಕ್ಷೇಪಣೆಯ ಒಕ್ಕಣೆ ಮೂರೂ ನನ್ನ ಕಂಪ್ಯೂಟರಿನಲ್ಲಿವೆ. ಊರಿನ ಹೆಸರು ಬದಲಿಸಿದರೆ ಸಾಕು. ಕಾಗದ ನೀವು ತನ್ನಿ, ಅಚ್ಚು ನಾನು ಹಾಕಿಕೊಡುತ್ತೇನೆ. ಭಾನುವಾರ ರಜೆ.