ಹಣೆಬರಹ ಮತ್ತು ಹೊಣೆ



ಸೀತೂರಿನ ಸುತ್ತಮುತ್ತ ಅಡಿಕೆ ತೋಟವಿರುವವರಿಗೆ ಮಳೆಗಾಲವೆಂದರೆ ಕೊಳೆರೋಗದ ಚಿಂತೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಹೊಡೆಯಬೇಕು. ಹೊಡೆಯದೆ ಕಾಯಿ ಉದುರಿದಾಗ ‘ಹಣೆಬರಹ’ ಎಂದುಬಿಡುವುದು ಸುಲಭ. ಮುಸಲ್ಮಾನರಲ್ಲಿ ಇದಕ್ಕೆ ‘ತಕ್ದೀರ್’ ಎಂಬ ಮಾತಿದೆ. ಆದರೆ ತಕ್ದೀರನ್ನು ನಂಬುವುದೆಂದರೆ ಕೈಕಟ್ಟಿ ಕೂರುವುದೇ?

ಸುನ್ನಿ ಮುಸಲ್ಮಾನರ ಆರು ಮೂಲ ನಂಬಿಕೆಗಳಲ್ಲಿ ದೈವನಿರ್ಣಯವೂ ಒಂದು. ದೇವರು ಇಚ್ಛಿಸದೆ ಮನುಷ್ಯ ಇಚ್ಛಿಸಲಾರ ಎಂಬ ಅರ್ಥದ ವಚನ ಕುರಾನಿನಲ್ಲಿದೆ. ನಂಬುವುದೂ ಬಿಡುವುದೂ ಅವರವರ ಇಚ್ಛೆ ಎಂಬ ಅರ್ಥದ ವಚನವೂ ಇದೆ. ಇವೆರಡನ್ನು ಕೂಡಿಸಿ ಓದುವ ಬಗೆಯನ್ನು ಕುರಿತು ಪ್ರವಾದಿಯವರ ನಂತರ ನೂರು ವರ್ಷ ತುಂಬುವ ಮೊದಲೇ ವಾದ ಎದ್ದಿತು. ಎಲ್ಲವೂ ಪೂರ್ವನಿರ್ಣಿತ, ಮನುಷ್ಯ ಗಾಳಿಗೆ ಸಿಕ್ಕ ತರಗೆಲೆಯಂತೆ ಎಂದರು ಜಬ್ರಿಗಳು. ಹಾಗಾದರೆ ತಪ್ಪಿಗೆ ಶಿಕ್ಷೆ ಕೊಡುವುದು ನ್ಯಾಯವೇ ಎಂದು ಕೇಳಿದರು ಖದರಿಗಳು. ಈ ವಾದ ಬರೀ ಪಂಡಿತರದಾಗಿರಲಿಲ್ಲ. ಅಂದಿನ ಉಮಯ್ಯದ್ ಅರಸರಿಗೆ ಮೊದಲನೆಯ ಮಾತು ಅನುಕೂಲವಾಗಿತ್ತು; ತಮ್ಮ ಆಳ್ವಿಕೆಯ ಅನ್ಯಾಯವನ್ನೂ ದೇವರ ಲೆಕ್ಕಕ್ಕೆ ಬರೆಯಬಹುದಿತ್ತು.

936ರಲ್ಲಿ ತೀರಿಕೊಂಡ ಅಲ್-ಅಶ್‌ಅರಿ ನಡುದಾರಿಯೊಂದನ್ನು ಹುಡುಕಿದರು. ಕ್ರಿಯೆಯನ್ನು ಸೃಷ್ಟಿಸುವವನು ದೇವರು, ಅದನ್ನು ತನ್ನದಾಗಿ ಗಳಿಸಿಕೊಳ್ಳುವವನು ಮನುಷ್ಯ. ಆದ್ದರಿಂದ ಹೊಣೆಯೂ ಅವನದೇ. ಈ ಗಳಿಕೆಗೆ ‘ಕಸ್ಬ್’ ಎಂದು ಹೆಸರು. ಸಮರಖಂದದ ಅಲ್-ಮಾತುರೀದಿ ಮನುಷ್ಯನ ಆಯ್ಕೆಗೆ ಇನ್ನೂ ಹೆಚ್ಚು ಎಡೆಕೊಟ್ಟರು. ಶಾಫಿ ಪಂಥದ ಬ್ಯಾರಿಗಳಲ್ಲಿ ಸಾಮಾನ್ಯವಾಗಿ ಮೊದಲನೆಯ ಪರಂಪರೆ, ಹನಫಿಗಳಲ್ಲಿ ಎರಡನೆಯದು ನಡೆದುಬಂದಿದೆ.

ತತ್ವಕ್ಕಿಂತ ಮೊದಲೇ ಇದನ್ನು ಒಂದು ಘಟನೆ ತಿಳಿಸಿಕೊಟ್ಟಿತ್ತು. 639ರ ಸುಮಾರಿಗೆ ಸಿರಿಯಾದಲ್ಲಿ ಪ್ಲೇಗು ಹಬ್ಬಿತು. ಅಲ್ಲಿಗೆ ಹೊರಟಿದ್ದ ಖಲೀಫ ಉಮರ್ ಸುದ್ದಿ ತಿಳಿದು ಹಿಂತಿರುಗಲು ನಿಶ್ಚಯಿಸಿದರು. ದೇವರ ನಿರ್ಣಯದಿಂದ ಓಡುವಿರಾ ಎಂದು ಕೇಳಿದವರು ಸೇನಾಪತಿ ಅಬೂ ಉಬೈದಾ. ಹೌದು, ದೇವರ ಒಂದು ನಿರ್ಣಯದಿಂದ ಮತ್ತೊಂದಕ್ಕೆ ಹೋಗುತ್ತಿದ್ದೇನೆ ಎಂಬುದು ಉಮರರ ಉತ್ತರದ ಸಾರ. ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು; ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ದೇವರ ನಿರ್ಣಯವೇ ಅಲ್ಲವೇ ಎಂದು ಅವರು ಕೇಳಿದರಂತೆ. ಅಬೂ ಉಬೈದಾ ತಮ್ಮ ಸೈನಿಕರೊಡನೆ ಉಳಿದು ಅದೇ ಪ್ಲೇಗಿಗೆ ಬಲಿಯಾದರು. ಫಲ ಇಬ್ಬರ ಕೈಯಲ್ಲೂ ಇರಲಿಲ್ಲ. ಆಯ್ಕೆ ಮಾತ್ರ ಅವರವರದಾಗಿತ್ತು.

ಮಲೆನಾಡಿನ ನಮಗೆ ಈ ಮಾತು ದೂರದ್ದಲ್ಲ. 1957ರಲ್ಲಿ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಕೊಪ್ಪ, ನರಸಿಂಹರಾಜಪುರದ ಕಡೆಗೂ ಬಂದಿದೆ. ಕಾಡಿನ ಉಣುಗು ಯಾರನ್ನು ಕಚ್ಚೀತೆಂಬುದು ನಮಗೆ ತಿಳಿಯದು. ಆದರೆ ದರಗು ತರಲು ಹೋಗುವ ಮುನ್ನ ಮೈಗೆ ಔಷಧಿಯ ಎಣ್ಣೆ ಸವರಿಕೊಳ್ಳುವುದು, ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗುವುದು ನಮ್ಮ ಕೈಯಲ್ಲಿದೆ. ಬರೆದದ್ದೇನೆಂದು ಯಾರೂ ಓದಿ ಬಂದಿಲ್ಲ. ಓದಲಾಗದ ಬರಹವನ್ನು ಸೋಮಾರಿತನಕ್ಕೆ ಸಾಕ್ಷಿ ಕರೆಯುವುದು ಭಕ್ತಿಯೂ ಅಲ್ಲ, ವಿವೇಕವೂ ಅಲ್ಲ.