ಕೊರಿಯಾದಲ್ಲಿ ಸಸ್ಯಾಹಾರಿಯ ಊಟ



ಉನ್ನತ ವ್ಯಾಸಂಗಕ್ಕೆಂದು ದಕ್ಷಿಣ ಕೊರಿಯಾಕ್ಕೆ ಹೊರಡುವ ನಮ್ಮ ಸಸ್ಯಾಹಾರಿ ಹುಡುಗ ಹುಡುಗಿಯರು ಪೆಟ್ಟಿಗೆಯ ತುಂಬ ಚಟ್ನಿಪುಡಿ, ಅವಲಕ್ಕಿ ಒಯ್ಯುತ್ತಾರೆ. ಒಯ್ಯಲಿ. ಆದರೆ ಚಟ್ನಿಪುಡಿ ತಿಂಗಳಿಗೆ ಮುಗಿಯುತ್ತದೆ, ವ್ಯಾಸಂಗ ಎರಡು ವರ್ಷದ್ದು. ಆದ್ದರಿಂದ ಅಲ್ಲಿನ ಅಡುಗೆಯನ್ನೇ ಸ್ವಲ್ಪ ತಿಳಿದುಕೊಳ್ಳೋಣ.

ಅಲ್ಲಿ ತರಕಾರಿಗೆ ಬರವಿಲ್ಲ. ಅನ್ನದ ಸುತ್ತ ಪಾಲಕ್, ಮೊಳಕೆಕಾಳು, ಮೂಲಂಗಿಯ ಪುಟ್ಟ ಬಟ್ಟಲುಗಳು ಬಂದು ಕೂರುತ್ತವೆ. ತೊಡಕಿರುವುದು ಮಾತಿನಲ್ಲಿ. 'ಗೋಗಿ' ಎಂದರೆ ಮಾಂಸ. 'ಗೋಗಿ ಬೇಡ' ಎಂದರೆ ಹೋಟೆಲಿನವರು ದನದ, ಹಂದಿಯ ತುಂಡುಗಳನ್ನು ಪ್ರಾಮಾಣಿಕವಾಗಿಯೇ ತೆಗೆಯುತ್ತಾರೆ. ದಿನಬಳಕೆಯಲ್ಲಿ ಆ ಪದಕ್ಕೆ ಮೀನು, ಸಿಗಡಿ ಸೇರುವುದಿಲ್ಲ. ಸೋಯಾ ಹುದುಗಿನ ಸಾರು ನೋಡಲು ನಮ್ಮ ಬೇಳೆಸಾರಿನಂತಿದ್ದರೂ ಅದರ ನೀರಿನಲ್ಲಿ 'ಮ್ಯೋಲ್ಚಿ' ಎಂಬ ಒಣ ಸಣ್ಣಮೀನು ಕುದಿದಿರುತ್ತದೆ. ಕಿಮ್ಚಿಗೂ ಸಾಮಾನ್ಯವಾಗಿ ಉಪ್ಪು ಹಾಕಿ ಕಳಿಸಿದ ಸಿಗಡಿಯೋ ಮೀನಿನ ರಸವೋ ಬೀಳುತ್ತದೆ.

ಆ ಮೀನು ಅಲ್ಲೇಕೆ? ರಸಾಯನಶಾಸ್ತ್ರ ಓದುವವರು ಇಲ್ಲಿ ಗಮನ ಕೊಡಿ. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೇಡಾ ಕಡಲಕಳೆಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದರು. ಒಣಮೀನಿನಲ್ಲಿರುವುದು ಇನೊಸಿನೇಟ್. ಇವೆರಡು ಕೂಡಿದರೆ ರುಚಿ ಹಲವು ಪಟ್ಟು ಏರುತ್ತದೆ. ಒಣಗಿಸಿದ ಶಿಟಾಕೆ ಅಣಬೆಯ ಗ್ವಾನಿಲೇಟ್ ಕೂಡ ಇದೇ ಕೆಲಸ ಮಾಡುತ್ತದೆ. ಅಂದರೆ ಕಡಲಕಳೆಯ ಜೊತೆಗೆ ಅಣಬೆ ಹಾಕಿದರೆ ಮೀನಿನ ಹಂಗಿಲ್ಲ!

ಪ್ರಯೋಗಾಲಯ ಇದನ್ನು ಹೇಳುವ ಎಷ್ಟೋ ಮೊದಲೇ ಕೊರಿಯಾದ ಬೌದ್ಧ ವಿಹಾರಗಳ ಅಡುಗೆಮನೆಗೆ ಇದು ಗೊತ್ತಿತ್ತು. ಅಲ್ಲಿ ಮಾಂಸವಿಲ್ಲ, ಮೀನಿಲ್ಲ, ನಮ್ಮ ಮಠಗಳಂತೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿಷಿದ್ಧವಾದ ಐದು ಘಾಟು ಪದಾರ್ಥಗಳಲ್ಲಿ ಒಂದರ ಹೆಸರು 'ಹುಂಗೊ'. ಇದು ಸಂಸ್ಕೃತದ 'ಹಿಂಗು', ಚೀನೀ ಬೌದ್ಧ ಗ್ರಂಥಗಳ ದಾರಿಯಲ್ಲಿ ಅಲ್ಲಿಗೆ ತಲುಪಿದ ಪದ. ನಮ್ಮ ಮಠದ ಸಾರಿಗೆ ಇಂಗಿಲ್ಲದೆ ನಡೆಯದು, ಅವರಿಗೆ ಅದೇ ವರ್ಜ್ಯ! ವಿಹಾರದ ಕಿಮ್ಚಿಗೆ ಸಿಗಡಿ ಬೇಕಿಲ್ಲ. ಅದನ್ನು ಹುಳಿಯಾಗಿಸುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು. ಅವುಗಳಲ್ಲಿ ಮುಖ್ಯವಾದ ಲ್ಯೂಕೊನಾಸ್ಟಾಕ್ ನಮ್ಮ ಇಡ್ಲಿಹಿಟ್ಟನ್ನು ಉಬ್ಬಿಸುವುದರಲ್ಲೂ ಮುಂದು.

ಈ ಊಟ ಸಿಯೋಲ್ ನಗರದ ಜೋಗ್ಯೇಸಾ ವಿಹಾರದ ಆಸುಪಾಸಿನಲ್ಲಿ, ಇನ್ಸಾದೊಂಗ್ ಬೀದಿಗಳಲ್ಲಿ ಸಿಗುತ್ತದೆ. 2002ರ ವಿಶ್ವಕಪ್ ಫುಟ್‌ಬಾಲ್ ಸಮಯದಿಂದ ವಿಹಾರಗಳು ಪ್ರವಾಸಿಗರಿಗೆ ವಸತಿಯನ್ನೂ ಕೊಡುತ್ತಿವೆ. ಆದರೆ ದಿನವೂ ವಿಹಾರಕ್ಕೆ ಹೋಗಲಾದೀತೆ? ಬೇಸಿಗೆಯಲ್ಲಿ 'ಕೊಂಗುಕ್ಸು' ಕೇಳಿ. ರುಬ್ಬಿದ ಸೋಯಾಕಾಳಿನ ತಣ್ಣನೆಯ ಹಾಲಿನಲ್ಲಿ ಗೋಧಿ ಶಾವಿಗೆ, ಉಪ್ಪು ನೀವೇ ಹಾಕಿಕೊಳ್ಳಬಹುದು. ಮೇಲೆ ಮೊಟ್ಟೆ ಇಡುವುದುಂಟು, ಬೇಡವೆನ್ನಿ. 'ಬಿಬಿಂಬಾಪ್' ಎಂಬ ತರಕಾರಿಯ ಕಲಸಿದ ಅನ್ನಕ್ಕೂ ಮಾಂಸ, ಮೊಟ್ಟೆ ಬೇಡವೆನ್ನಬಹುದು. ಮೆಣಸಿನ ಗೊಜ್ಜಿನಲ್ಲಿ ದನದ ಮಾಂಸ ಬೆರೆತಿದೆಯೇ ಎಂದೂ ವಿಚಾರಿಸಿ.

ಸಹಪಾಠಿಗಳು ಊಟಕ್ಕೆ ಕರೆದಾಗ ಮುಖ ಸಪ್ಪಗೆ ಮಾಡಿ ಕೂರುವುದಕ್ಕಿಂತ ಹಿಂದಿನ ದಿನವೇ ಹೇಳಿಡುವುದು ಮೇಲು. ಅವರಲ್ಲೊಬ್ಬರಿಂದ ಕೊರಿಯನ್ ಲಿಪಿಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ: ಮಾಂಸ, ಮೀನು, ಸಿಗಡಿ, ಮೀನಿನ ರಸ ಯಾವುದೂ ಬೇಡ. ಸಾರಿನ ಮೂಲನೀರಿಗೆ ಅವರು 'ಯುಕ್ಸು' ಎನ್ನುತ್ತಾರೆ. ಪದದ ಅರ್ಥವೇ ಮಾಂಸದ ನೀರು. ಯುಕ್ಸು ಯಾವುದರದ್ದು ಎಂಬ ಪ್ರಶ್ನೆಯೂ ಆ ಚೀಟಿಯಲ್ಲಿರಲಿ.